ಕಾಣುವುದು ಸೊಟ್ಟ ಪಾದ, ಕೆಡುವುದು ಮೊಣಕೈ

ಪ್ರಶ್ನೆ: ನಾವು ಮೂಲತಃ ವಿಜಯಪುರದವರು, 15 ವರ್ಷಗಳಿಂದ ಪುಣೆಯ ಕೋಥರೂಡ್‌ನಲ್ಲಿದ್ದೇವೆ. ನಮ್ಮ ಲ್ಯಾಬ್ರಡಾರ್ ಮರಿ ಬ್ರೂನೋಗೆ ಈಗ 5 ತಿಂಗಳು. ಮೂರೂವರೆ ತಿಂಗಳಿದ್ದಾಗ ಸ್ಕೂಟರಿನಲ್ಲಿ ನನ್ನ ಕಾಲ ಬಳಿ ನಿಲ್ಲಿಸಿಕೊಂಡು ಹೊರಟಿದ್ದೆ. ಬೀದಿನಾಯಿಯನ್ನು ಕಂಡು ಜಿಗಿದು ಬಲ ಮುಂಗಾಲಿನ ಮೇಲೆ ಬಿದ್ದ. ಅಂದೇ ಎಕ್ಸ್-ರೇ ತೆಗೆಸಿದೆವು. ಮೂಳೆ ಮುರಿದಿಲ್ಲ ಎಂದರು. ನಾಲ್ಕು ದಿನ ಕುಂಟಿ ಸರಿಹೋದ. ಕಳೆದ ಎರಡು ವಾರಗಳಿಂದ ಆ ಪಾದ ಹೊರಕ್ಕೆ ತಿರುಗುತ್ತಿದೆ, ಕಾಲು ಮುಂದಕ್ಕೆ ಬಾಗಿದೆ. ಈಗಿನ ಎಕ್ಸ್-ರೇ ನೋಡಿ ಒಬ್ಬ ಡಾಕ್ಟರು ತಕ್ಷಣ ಆಪರೇಷನ್ ಮಾಡಬೇಕೆನ್ನುತ್ತಾರೆ. ಇನ್ನೊಬ್ಬರು ವರ್ಷ ತುಂಬಿದ ಮೇಲೆ ಪ್ಲೇಟ್ ಹಾಕಿ ನೆಟ್ಟಗೆ ಮಾಡೋಣ, ಅಲ್ಲಿಯವರೆಗೆ ಕಟ್ಟು ಹಾಕಿ ಕ್ಯಾಲ್ಸಿಯಂ ಕೊಡಿ ಎನ್ನುತ್ತಾರೆ. ಅಮ್ಮ ದಿನಾ ಎಣ್ಣೆ ತಿಕ್ಕಿ ಕಾಲು ನೀವುತ್ತಿದ್ದಾರೆ. ಮರಿಗೆ ನೋವೇನೂ ಕಾಣುವುದಿಲ್ಲ. ಯಾರ ಮಾತು ಕೇಳಬೇಕು?

ಉತ್ತರ: ಇಬ್ಬರು ವೈದ್ಯರ ಮಾತು ಒಂದಕ್ಕೊಂದು ವಿರುದ್ಧವೆಂದು ನಿಮಗೆ ತೋರಿರುವುದು ಸಹಜ. ಆದರೆ ಅವರು ಹೇಳುತ್ತಿರುವುದು ಒಂದೇ ಶಸ್ತ್ರಚಿಕಿತ್ಸೆಯ ಎರಡು ಮುಹೂರ್ತಗಳಲ್ಲ, ಎರಡು ಬೇರೆ ಬೇರೆ ಶಸ್ತ್ರಚಿಕಿತ್ಸೆಗಳು. ಬೆಳೆಯುತ್ತಿರುವ ಕಾಲಿಗೆ ಮಾಡುವುದು ಒಂದು, ಬೆಳೆದು ನಿಂತ ಕಾಲಿಗೆ ಮಾಡುವುದು ಇನ್ನೊಂದು. 5 ತಿಂಗಳ ಲ್ಯಾಬ್ರಡಾರ್ ಮರಿಗೆ ಮೊದಲನೆಯದು ಬೇಕು, ಅದೂ ಈ ತಿಂಗಳೊಳಗೆ. ಎರಡನೆಯದು ಬೇಕಾಗಬಹುದು, ಬೇಕಾಗದೆಯೂ ಇರಬಹುದು; ಆ ತೀರ್ಮಾನವನ್ನು ಮುಂದಿನ ವರ್ಷಕ್ಕೆ ಬಿಡಬಹುದು. ಮೊದಲನೆಯದನ್ನು ಮಾತ್ರ ಮುಂದಕ್ಕೆ ಹಾಕುವಂತಿಲ್ಲ.

ಮೊದಲ ದಿನದ ಎಕ್ಸ್-ರೇ ಏಕೆ ಏನನ್ನೂ ತೋರಿಸಲಿಲ್ಲ ಎಂಬುದನ್ನು ಹೇಳಿಬಿಡುತ್ತೇನೆ; ಆ ಡಾಕ್ಟರು ಗಮನಿಸದೆ ಬಿಟ್ಟರೆಂಬ ಸಿಟ್ಟು ನಿಮಗಿದ್ದರೆ ಅದು ಇಳಿಯಲಿ. ಮರಿಯ ಮುಂಗಾಲಿನಲ್ಲಿ, ಮೊಣಕೈಯಿಂದ ಮಣಿಕಟ್ಟಿನವರೆಗೆ, ಎರಡು ಮೂಳೆಗಳು ಜೋಡಿಯಾಗಿ ಇಳಿಯುತ್ತವೆ. ಮುಂದಿರುವ ರೇಡಿಯಸ್ ಮೈಯ ಭಾರವನ್ನು ಹೊರುತ್ತದೆ. ಹಿಂದಿರುವ ಅಲ್ನಾ ಮೊಣಕೈ ಕೀಲನ್ನು ಹಿಡಿದು ನಿಲ್ಲಿಸುತ್ತದೆ. ಉದ್ದ ಮೂಳೆ ಬೆಳೆಯುವುದು ನಡುವಿನಿಂದಲ್ಲ, ತುದಿಯ ಬಳಿ ಇರುವ ಮೃದ್ವಸ್ಥಿಯ ತೆಳು ಪದರದಿಂದ. ಅದನ್ನೇ ಗ್ರೋತ್ ಪ್ಲೇಟ್ ಎನ್ನುವುದು. ರೇಡಿಯಸ್ಸಿಗೆ ಮೇಲೂ ಕೆಳಗೂ ಇಂಥ ಎರಡು ಪದರಗಳಿದ್ದು, ಉದ್ದದ ನೂರರಲ್ಲಿ ಸುಮಾರು 60ರಿಂದ 70 ಪಾಲು ಕೆಳಗಿನದರಿಂದಲೂ ಉಳಿದದ್ದು ಮೇಲಿನದರಿಂದಲೂ ಬರುತ್ತದೆ. ಅಲ್ನಾಗೆ ಈ ಅನುಕೂಲವಿಲ್ಲ. ಅದರ ಉದ್ದದ ನೂರರಲ್ಲಿ ಸುಮಾರು 85 ಪಾಲು ಮಣಿಕಟ್ಟಿನ ಬಳಿಯ ಒಂದೇ ಪದರದಿಂದ ಬರಬೇಕು. ಮೇಲಿನ ಪದರ ಮೊಣಕೈ ಹಿಂದೆ ಚಾಚಿಕೊಂಡಿರುವ ಗೆಣ್ಣನ್ನಷ್ಟೇ ಬೆಳೆಸುತ್ತದೆ. ಹೀಗಾಗಿ ಮೊಣಕೈಯಿಂದ ಕೆಳಗೆ ಅಲ್ನಾ ಉದ್ದವಾಗುವುದು ಪೂರ್ತಿ ಆ ಕೆಳಪದರದ ಕೆಲಸ.

ಆ ಪದರದ ಆಕಾರವೇ ನಾಯಿಗೆ ಮುಳುವಾಗಿದೆ. ಉಳಿದ ಹೆಚ್ಚಿನ ಗ್ರೋತ್ ಪ್ಲೇಟ್‌ಗಳು ಹೆಚ್ಚುಕಡಿಮೆ ಚಪ್ಪಟೆಯಾಗಿರುವುದರಿಂದ ಪಕ್ಕದಿಂದ ಏಟು ಬಿದ್ದರೆ ಸರಿದು ಜರುಗುತ್ತವೆ. ಆ ಜರುಗುವಿಕೆ ಎಕ್ಸ್-ರೇಯಲ್ಲಿ ಕಾಣುತ್ತದೆ. ನಾಯಿಯ ಅಲ್ನಾದ ಕೆಳಪದರ ಮಾತ್ರ ಶಂಕುವಿನಂತಿದ್ದು, ಒರಳಿನೊಳಗೆ ಗುಂಡು ಕೂತ ಹಾಗೆ ಕೂತಿರುತ್ತದೆ. ಎತ್ತ ಕಡೆಯಿಂದ ಏಟು ಬಂದರೂ ಗುಂಡಿಗೆ ಜರುಗಲು ಎಡೆಯಿಲ್ಲ, ಆದ್ದರಿಂದ ನಡುವಿನ ಎಳೆಯ ಜೀವಕೋಶಗಳು ಅರೆದುಹೋಗುತ್ತವೆ. ಮೂಳೆ ಮುರಿದಿರುವುದಿಲ್ಲ, ಮೃದ್ವಸ್ಥಿಯೋ ಎಕ್ಸ್-ರೇಗೆ ಕಾಣುವ ವಸ್ತುವೇ ಅಲ್ಲ. ಟೊರಾಂಟೊದ ಸಾಲ್ಟರ್ ಮತ್ತು ಹ್ಯಾರಿಸ್ ಎಂಬ ವೈದ್ಯರು 1963ರಲ್ಲಿ ಮಕ್ಕಳ ಗ್ರೋತ್ ಪ್ಲೇಟ್ ಗಾಯಗಳನ್ನು ಐದು ಬಗೆಯಾಗಿ ವಿಂಗಡಿಸಿದರು. ಇಂದಿಗೂ ಮನುಷ್ಯರ ವೈದ್ಯರೂ ನಾವು ಪಶುವೈದ್ಯರೂ ಅದನ್ನೇ ಬಳಸುತ್ತೇವೆ. ಬ್ರೂನೋಗೆ ಆಗಿರುವುದು ಅದರಲ್ಲಿ ಐದನೆಯದು, ಅಂದರೆ ಅರೆದ ಗಾಯ. ಇದು ಚಿತ್ರದಲ್ಲಿ ಕಾಣಿಸಿಕೊಳ್ಳಲು ಎರಡರಿಂದ ನಾಲ್ಕು ವಾರ ಬೇಕು. ಮರಿಯೊಂದು ಮುಂಗಾಲಿನ ಮೇಲೆ ಜೋರಾಗಿ ಬಿದ್ದರೆ, ಕುಂಟುವುದು ನಿಂತಿದ್ದರೂ ಮೂರು ವಾರಗಳ ನಂತರ ಎರಡೂ ಮುಂಗಾಲುಗಳ ಎಕ್ಸ್-ರೇಯನ್ನು ಮತ್ತೊಮ್ಮೆ ತೆಗೆಸಿ ಎಂದು ನಾನು ಪ್ರತಿಯೊಬ್ಬರಿಗೂ ಹೇಳುತ್ತೇನೆ. ಹತ್ತರಲ್ಲಿ ಒಂಬತ್ತು ಮಂದಿ ಬರುವುದಿಲ್ಲ. ಓಡಾಡಿಕೊಂಡಿರುವ ಮರಿಯನ್ನು ಮತ್ತೆ ಆಸ್ಪತ್ರೆಗೆ ಹೊತ್ತು ತರಲು ಯಾರಿಗೆ ಮನಸ್ಸಾಗುತ್ತದೆ?

ಹೀಗೆ ಕೆಳಪದರ ಸತ್ತು ಅಲ್ನಾದ ಬೆಳವಣಿಗೆ ನಿಂತ ಮೇಲೂ ರೇಡಿಯಸ್ ಬೆಳೆಯುತ್ತಲೇ ಇರುತ್ತದೆ. ಎರಡೂ ಮೂಳೆಗಳು ಮೇಲೂ ಕೆಳಗೂ ಗಟ್ಟಿ ತಂತುಗಳಿಂದ ಕಟ್ಟಿಕೊಂಡಿರುವುದರಿಂದ, ನಿಂತ ಮೂಳೆ ಹೆದೆಯಾಗುತ್ತದೆ, ಬೆಳೆಯುವ ಮೂಳೆ ಬಿಲ್ಲಾಗುತ್ತದೆ. ಕಾಲು ಮುಂದಕ್ಕೆ ಬಾಗುತ್ತದೆ, ಮಣಿಕಟ್ಟು ಹೊರಕ್ಕೆ ವಾಲುತ್ತದೆ, ಅದರ ಜೊತೆಗೆ ಪಾದವೂ ಹೊರಕ್ಕೆ ತಿರುಚಿಕೊಳ್ಳುತ್ತದೆ. ನೀವು ವರ್ಣಿಸಿರುವುದು ಅಕ್ಷರಶಃ ಇದನ್ನೇ.

ಆದರೆ ಮರಿಯನ್ನು ಕರೆತರುವವರೆಲ್ಲ ಪಾದವನ್ನು ತೋರಿಸುತ್ತಾರೆ, ನಾನು ಮೊದಲು ಹಿಡಿದು ನೋಡುವುದು ಮೊಣಕೈಯನ್ನು. ಅಲ್ನಾದ ಮೇಲ್ತುದಿಯಲ್ಲಿ ಅರ್ಧಚಂದ್ರದಂಥ ಒಂದು ಕಚ್ಚಿದೆ. ತೋಳಿನ ಮೂಳೆ ಅದರೊಳಗೆ ಕೂತು ಉರುಳುತ್ತದೆ. ರೇಡಿಯಸ್ ಉದ್ದವಾಗುತ್ತಾ ಹೋದಂತೆ ಅದು ತೋಳಿನ ಮೂಳೆಯನ್ನು ಮೇಲಕ್ಕೆ ದೂಡುತ್ತದೆ, ಗಿಡ್ಡವಾಗಿ ಉಳಿದ ಅಲ್ನಾ ಆ ಕಚ್ಚನ್ನು ಕೆಳಕ್ಕೆ ಜಗ್ಗುತ್ತದೆ. ಕಚ್ಚಿನ ಮೇಲಿನ ಕೊಕ್ಕು ಕೀಲಿಗೆ ಒತ್ತಿಕೊಳ್ಳುತ್ತದೆ. ದೊಡ್ಡ ತಳಿಗಳಲ್ಲಿ ಆ ಕೊಕ್ಕು ಅಲ್ನಾದೊಂದಿಗೆ ಬೆಸೆಯುವುದೇ ಸುಮಾರು 20 ವಾರಗಳ ಹೊತ್ತಿಗೆ. ಆ ಹೊತ್ತಿನಲ್ಲೇ ಒತ್ತಡ ಬಿದ್ದರೆ ಬೆಸೆಯದೆ ಸಡಿಲವಾಗಿ ಉಳಿಯುವುದುಂಟು. ಕೀಲಿನ ಮೃದ್ವಸ್ಥಿ ಒಮ್ಮೆ ಸವೆದರೆ ಅದನ್ನು ಮರಳಿ ತರುವ ಶಸ್ತ್ರಚಿಕಿತ್ಸೆ ನಮ್ಮ ಬಳಿ ಇಲ್ಲ. ಬಾಗಿದ ಮೂಳೆಯನ್ನು ಎರಡು ವರ್ಷದ ನಾಯಿಯಲ್ಲೂ ಕತ್ತರಿಸಿ ನೆಟ್ಟಗೆ ಮಾಡಬಹುದು; ಎರಡು ವರ್ಷ ತಪ್ಪಾಗಿ ಉಜ್ಜಿದ ಮೊಣಕೈಯನ್ನು ಯಾರೂ ಹೊಸದಾಗಿ ಮಾಡಿಕೊಡಲಾರರು. ವರ್ಷ ತುಂಬುವವರೆಗೆ ಕಾಯುವ ಸಲಹೆಗೆ ನನ್ನ ವಿರೋಧ ಇರುವುದು ಇಷ್ಟಕ್ಕೇ. ನೋವು ಕಾಣುವುದಿಲ್ಲ ಎಂದು ನೀವು ಬರೆದಿದ್ದೀರಿ. ಮೂರನೆಯ ತಿಂಗಳಿಂದ ಆರನೆಯ ತಿಂಗಳವರೆಗಿನ ಬೆಳವಣಿಗೆ ಅತಿ ವೇಗದ್ದು. ಈ ಹಂತದಲ್ಲಿ ಮರಿ ನೋವನ್ನು ತೋರಿಸುವ ಹೊತ್ತಿಗೆ ಕೀಲು ಆಗಲೇ ಸಾಕಷ್ಟು ತಪ್ಪಿರುತ್ತದೆ.

ಈಗ ಮಾಡಬೇಕಾದ ಕೆಲಸದ ತತ್ತ್ವ ಸರಳ: ಹೆದೆಯನ್ನು ಕತ್ತರಿಸುವುದು. ಕಾಲಿನ ಹೊರಮಗ್ಗುಲಲ್ಲಿ ಗೀರು ಹಾಕಿ, ಅಲ್ನಾದ ಕೆಳ ಅರ್ಧದಲ್ಲಿ 1ರಿಂದ 2 ಸೆಂಟಿಮೀಟರ್ ಉದ್ದದ ತುಂಡನ್ನು ಗರಗಸದಿಂದ ತೆಗೆಯುತ್ತೇವೆ. ಮಣಿಕಟ್ಟಿನ ಬಳಿಯ ತುದಿಯನ್ನು ಮುಟ್ಟುವುದಿಲ್ಲ, ಕೀಲನ್ನು ಹೊರಬದಿಯಲ್ಲಿ ಹಿಡಿದಿಡುವ ತಂತು ಅದಕ್ಕೆ ಅಂಟಿಕೊಂಡಿದೆ. ಭಾರ ಹೊರುವುದು ರೇಡಿಯಸ್ ಆದ್ದರಿಂದ ಮರಿ ಮರುದಿನವೋ ಮೂರನೆಯ ದಿನವೋ ಆ ಕಾಲನ್ನು ಊರುತ್ತದೆ. ಪ್ಲೇಟ್ ಇಲ್ಲ, ಸ್ಕ್ರೂ ಇಲ್ಲ. ಮೊಣಕೈ ಕೀಲು ಆಗಲೇ ತಪ್ಪಿದ್ದರೆ, ಅಲ್ನಾವನ್ನು ಮೇಲ್ಭಾಗದಲ್ಲಿ ಓರೆಯಾಗಿ ಕತ್ತರಿಸಿ ಹಾಗೆಯೇ ಬಿಡುವುದೂ ಉಂಟು; ಮರಿ ನಡೆದಂತೆಲ್ಲ ಸ್ನಾಯುಗಳ ಎಳೆತಕ್ಕೆ ಮೇಲಿನ ತುಂಡು ತನ್ನ ಜಾಗವನ್ನು ತಾನೇ ಹುಡುಕಿಕೊಳ್ಳುತ್ತದೆ. ಇವೆರಡರಲ್ಲಿ ಯಾವುದು ಎಂಬುದನ್ನು ಮೊಣಕೈಯ ಎಕ್ಸ್-ರೇ ಹೇಳಬೇಕು, ಪಾದದ್ದಲ್ಲ.

ಇಷ್ಟು ಸರಳವಾದದ್ದು ಕೆಡುವುದಾದರೂ ಎಲ್ಲಿ ಎಂದರೆ, ನನ್ನ ಕೈಯಲ್ಲೇ ಕೆಟ್ಟದ್ದನ್ನು ಹೇಳುತ್ತೇನೆ. ವೃತ್ತಿಗೆ ಬಂದ ಹೊಸತರಲ್ಲಿ ಚಿಂಚವಡದ ಕುಟುಂಬವೊಂದರ ನಾಲ್ಕೂವರೆ ತಿಂಗಳ ಜರ್ಮನ್ ಶೆಫರ್ಡ್ ಮರಿಗೆ ಈ ಶಸ್ತ್ರಚಿಕಿತ್ಸೆ ಮಾಡಿದೆ. ತುಂಡನ್ನು ಅಚ್ಚುಕಟ್ಟಾಗಿ ತೆಗೆದೆ. ಮೂಳೆಯ ಮೇಲಿನ ತೆಳುಪೊರೆ ಒಂದು ಬದಿಯಲ್ಲಿ ಸ್ವಲ್ಪ ಉಳಿದಿತ್ತು. ರಕ್ತ ಒಸರುತ್ತಿದ್ದುದರಿಂದ ಹೆಚ್ಚು ಕೆದಕದೆ ಹೊಲಿದುಬಿಟ್ಟೆ. ಮೂರು ವಾರ ಕಾಲು ನೆಟ್ಟಗಾಗುತ್ತಾ ಬಂತು. ಐದನೆಯ ವಾರದ ಎಕ್ಸ್-ರೇಯನ್ನು ಬೆಳಕಿಗೆ ಹಿಡಿದಾಗ, ನಾನು ತೆರವು ಮಾಡಿದ್ದ ಜಾಗದಲ್ಲಿ ಬೆಳ್ಳಗಿನ ಸೇತುವೆಯೊಂದು ಆ ಬದಿಯಲ್ಲೇ ಎದ್ದು ನಿಂತಿತ್ತು. ಆ ಪೊರೆಯೇ ಮೂಳೆ ಹುಟ್ಟಿಸುವ ಪೊರೆ. ಮರಿಯ ವಯಸ್ಸಿನಲ್ಲಿ ಅದರ ಒಂದು ಚೂರು ಸಾಕು, ಹೆದೆ ಮತ್ತೆ ಬಿಗಿಯುತ್ತದೆ. ಎರಡನೆಯ ಸಲ ಅರಿವಳಿಕೆ ಕೊಡಿಸಬೇಕೆಂದು ಆ ಮನೆಯವರಿಗೆ ಹೇಳಿದ್ದು ನನಗಿನ್ನೂ ನೆನಪಿದೆ. ಅಂದಿನಿಂದ ಪೊರೆಯನ್ನು ಸುತ್ತಲೂ ಪೂರ್ತಿ ತೆಗೆದು, ಆ ಬಿಡುವಿಗೆ ಮರಿಯ ಹೊಟ್ಟೆಯ ಪಕ್ಕದ ಚರ್ಮದಡಿಯಿಂದ ತೆಗೆದ ಕೊಬ್ಬಿನ ಒಂದೇ ಇಡೀ ಉಂಡೆಯನ್ನು ತುಂಬದೆ ನಾನು ಗಾಯ ಮುಚ್ಚುವುದಿಲ್ಲ. ಕೊಬ್ಬು ಇರುವೆಡೆ ಮೂಳೆ ದಾಟಿ ಬರುವುದು ಕಷ್ಟ. ನಿಮ್ಮ ಸರ್ಜನ್ನರನ್ನು ಈ ಎರಡು ವಿಷಯ ಕೇಳಲು ಸಂಕೋಚಪಡಬೇಡಿ. ಕೊಬ್ಬು ಎಲ್ಲಿಂದ ತೆಗೆಯುತ್ತೀರಿ ಎಂಬ ಪ್ರಶ್ನೆಗೆ ತಟ್ಟನೆ ಉತ್ತರ ಬಂದರೆ, ಅವರು ಈ ಕೆಲಸವನ್ನು ಮೊದಲೂ ಮಾಡಿದ್ದಾರೆಂದು ತಿಳಿಯಬಹುದು.

ಹೆದೆ ಕಡಿದ ಮೇಲೆ ಬಿಲ್ಲು ತಾನಾಗಿ ನೆಟ್ಟಗಾಗುವುದೇ? ಒಂದಷ್ಟು ಆಗುತ್ತದೆ. ಬೆಳವಣಿಗೆ ಇನ್ನೂ ಬಾಕಿಯಿದ್ದು ವಾಲಿಕೆ ತೀರಾ ಹೆಚ್ಚಿಲ್ಲದಿದ್ದರೆ, ಮುಂಬಾಗು ಮತ್ತು ಹೊರವಾಲು ಎರಡೂ ಗಮನಾರ್ಹವಾಗಿ ಇಳಿಯುವುದನ್ನು ಕಂಡಿದ್ದೇನೆ. ತಿರುಚು ಮಾತ್ರ ಹಾಗೆ ಬಿಚ್ಚಿಕೊಳ್ಳುವುದಿಲ್ಲ; ಪಾದ ಸ್ವಲ್ಪ ಹೊರಕ್ಕೆ ನೋಡಿಕೊಂಡೇ ಉಳಿಯಬಹುದು. ಆರೋಗ್ಯವಂತ ಲ್ಯಾಬ್ರಡಾರ್‌ಗಳಿಗೂ ಪಾದ ತುಸು ಹೊರಮುಖವೇ. ನೀವು ಹೋಲಿಸಬೇಕಾದದ್ದು ಅದರದೇ ಎಡಗಾಲಿನೊಂದಿಗೆ. ನೆರೆಯವರ ಡ್ಯಾಶ್‌ಹಂಡ್ ಹುಟ್ಟಾ ಸೊಟ್ಟಗಾಲಿನದಾದರೂ ಚೆನ್ನಾಗಿ ಓಡುತ್ತದಲ್ಲ ಎಂದು ಬಹಳ ಜನ ವಾದಿಸುತ್ತಾರೆ. ಆ ತಳಿಯ ಗಿಡ್ಡ ಬಾಗುಗಾಲು ವಂಶದಲ್ಲೇ ಬಂದದ್ದು, ಎರಡೂ ಕಡೆ ಸಮನಾಗಿ ಬಂದದ್ದು. ಏಟು ತಿಂದ ಒಂದು ಕಾಲಿಗೆ ಅದನ್ನು ಮಾದರಿಯಾಗಿ ಇಟ್ಟುಕೊಳ್ಳಬಾರದು.

ಎರಡನೆಯ ವೈದ್ಯರು ಹೇಳಿದ ಶಸ್ತ್ರಚಿಕಿತ್ಸೆ ತಪ್ಪಲ್ಲ, ಅದಕ್ಕೂ ಅದರ ಕಾಲವಿದೆ. ಲ್ಯಾಬ್ರಡಾರ್ ಮರಿಯ ಮುಂಗಾಲಿನ ಬೆಳವಣಿಗೆ 10–11 ತಿಂಗಳ ಹೊತ್ತಿಗೆ ಮುಗಿಯುತ್ತದೆ. ಆಮೇಲೂ ನಡಿಗೆಗೆ ತೊಡಕಾಗುವಷ್ಟು ಸೊಟ್ಟ ಉಳಿದಿದ್ದರೆ, ರೇಡಿಯಸ್ಸನ್ನೇ ಕತ್ತರಿಸಿ, ಬೆಣೆಯಾಕಾರದ ಚೂರು ತೆಗೆದು, ತಿರುಚನ್ನೂ ಬಿಚ್ಚಿ, ಪ್ಲೇಟ್ ಹಾಕಿ ನಿಲ್ಲಿಸಬೇಕಾಗುತ್ತದೆ. ಎಲ್ಲಿ ಕತ್ತರಿಸಬೇಕೆಂಬುದು ಕಣ್ಣಂದಾಜಿನ ಕೆಲಸವಲ್ಲ: ಮೂಳೆಯ ಮೇಲ್ಭಾಗದ ನಡುಗೆರೆಯನ್ನೂ ಕೆಳಭಾಗದ ನಡುಗೆರೆಯನ್ನೂ ಎಳೆದು, ಅವು ಸಂಧಿಸುವ ಬಿಂದುವನ್ನು ಹಿಡಿದು ಲೆಕ್ಕ ಹಾಕಬೇಕು. ಮನುಷ್ಯರ ಮೂಳೆಗಳಿಗಾಗಿ ಡ್ರೋರ್ ಪೇಲಿ ಬೆಳೆಸಿದ ಈ ವಿಧಾನವನ್ನೇ ನಾವೂ ನಾಯಿಗಳಿಗೆ ಅಳವಡಿಸಿಕೊಂಡಿದ್ದೇವೆ. ತಿರುಚು ಹೆಚ್ಚಿದ್ದರೆ ಸಿ.ಟಿ. ಸ್ಕ್ಯಾನ್ ಬೇಕು; ಅದರಿಂದ ಮೂಳೆಯ ಪ್ಲಾಸ್ಟಿಕ್ ಪ್ರತಿಯನ್ನು ಮುದ್ರಿಸಿ, ಮೊದಲು ಅದರ ಮೇಲೆ ಗರಗಸ ಆಡಿಸಿ ನೋಡುವ ಅನುಕೂಲವೂ ಈಗ ಇದೆ.

ಕಾಲು ಗಿಡ್ಡವೂ ಆಗಿಬಿಟ್ಟಿದ್ದರೆ ಉಂಗುರಗಳ ಚೌಕಟ್ಟು ನೆರವಿಗೆ ಬರುತ್ತದೆ. ಸೈಬೀರಿಯಾದ ಕುರ್ಗಾನ್‌ನಲ್ಲಿ ಗಾವ್ರೀಲ್ ಇಲಿಜಾರೊವ್ 1950ರ ದಶಕದಲ್ಲಿ ರೂಪಿಸಿದ ಸಾಧನವಿದು. ಕತ್ತರಿಸಿದ ಮೂಳೆಯ ಎರಡು ತುದಿಗಳನ್ನು ಕೆಲವು ದಿನ ಬಿಟ್ಟು, ಬಳಿಕ ದಿನಕ್ಕೆ 1 ಮಿಲಿಮೀಟರ್‌ನಂತೆ ದೂರ ಸರಿಸುತ್ತಾ ಹೋದರೆ ನಡುವೆ ಹೊಸ ಮೂಳೆ ಹುಟ್ಟುತ್ತದೆ. ಆ ಒಂದು ಮಿಲಿಮೀಟರನ್ನೂ ಒಂದೇ ಸಲ ಎಳೆಯುವಂತಿಲ್ಲ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ, ರಾತ್ರಿ ಕಾಲುಕಾಲು ಸುತ್ತು ನಟ್ಟು ತಿರುಗಿಸಬೇಕು, ಅದನ್ನು ಮನೆಯವರೇ ಮಾಡಬೇಕು. ನನ್ನ ಬಳಿ ಬರುತ್ತಿದ್ದ ಒಂದು ಮನೆಯಲ್ಲಿ ಈ ಕೆಲಸ 70 ದಾಟಿದ ಅಜ್ಜಿಯ ಪಾಲಿಗೆ ಬಂದಿತ್ತು. ಅವರು ಅಡುಗೆಮನೆಯ ಕಾಲನಿರ್ಣಯ ಕ್ಯಾಲೆಂಡರಿನಲ್ಲಿ ಪ್ರತಿ ತಾರೀಖಿನ ಚೌಕದಲ್ಲೂ ಏಕಾದಶಿ, ಸಂಕಷ್ಟಿಗಳ ಪಕ್ಕದಲ್ಲೇ ನಾಲ್ಕು ಗೀಟು ಹಾಕಿಡುತ್ತಿದ್ದರು. ಒಂದು ಗೀಟೂ ತಪ್ಪಿರಲಿಲ್ಲ. ಪುಣೆಯ ಮಳೆಗಾಲದಲ್ಲಿ ಈ ಚೌಕಟ್ಟು ಹಾಕುವುದನ್ನು ನಾನು ಸಾಧ್ಯವಾದಷ್ಟು ತಪ್ಪಿಸುತ್ತೇನೆ. ತಂತಿ ಚರ್ಮವನ್ನು ತೂರುವ ಜಾಗ ಒದ್ದೆಯಾಗಿಯೇ ಉಳಿದರೆ ಕೀವು ಖಚಿತ.

ಇನ್ನು ಕಟ್ಟು, ಎಣ್ಣೆ ಮತ್ತು ಕ್ಯಾಲ್ಸಿಯಂ. ನಾಯಿ ಬಾಲಕ್ಕೆ ದಬ್ಬೆ ಕಟ್ಟುವ ಗಾದೆಯನ್ನು ನಾವೆಲ್ಲ ಕೇಳಿಯೇ ಬೆಳೆದವರು. ಈ ಕಾಲಿಗೆ ದಬ್ಬೆ ಕಟ್ಟುವುದೂ ಅಷ್ಟೇ ಫಲ ಕೊಡುತ್ತದೆ. ಸೊಟ್ಟ ಮಾಡುತ್ತಿರುವ ಬಲ ಕಾಲಿನ ಹೊರಗಿಲ್ಲ, ಒಳಗಿದೆ. ಬಿಗಿಯಾದ ಕಟ್ಟು ಬೆಳೆಯುವ ಮರಿಯ ಚರ್ಮವನ್ನು ಹುಣ್ಣು ಮಾಡುತ್ತದೆ, ಸ್ನಾಯುಗಳನ್ನು ಸೊರಗಿಸುತ್ತದೆ, ಅಷ್ಟರಲ್ಲಿ ಅಮೂಲ್ಯವಾದ ವಾರಗಳು ಕಳೆದುಹೋಗುತ್ತವೆ. ನಿಮ್ಮ ತಾಯಿಯವರ ಎಣ್ಣೆಯ ಕೈಯಿಂದ ಹಾನಿಯಿಲ್ಲ, ಮರಿಗೆ ಹಿತವೂ ಆಗುತ್ತಿರಬಹುದು. ಆದರೆ ಮಣಿಕಟ್ಟನ್ನು ಒಳಕ್ಕೆ ತಿರುಗಿಸಿ ಒತ್ತುತ್ತಿದ್ದರೆ ಅದನ್ನು ನಿಲ್ಲಿಸಲು ಹೇಳಿ. ಎರಡು ಮೂರು ತಿಂಗಳ ಮರಿಗಳಲ್ಲಿ ಎರಡೂ ಮಣಿಕಟ್ಟುಗಳು ಸಡಿಲಾಗಿ ಬಾಗುವ ಬೇರೊಂದು ತೊಂದರೆಯಿದೆ. ಅದು ಒಳ್ಳೆಯ ಆಹಾರ ಮತ್ತು ಜಾರದ ನೆಲ ಸಿಕ್ಕರೆ ಕೆಲವೇ ವಾರಗಳಲ್ಲಿ ತಾನಾಗಿ ಸರಿಹೋಗುತ್ತದೆ. ನಮ್ಮ ಮರಿಗೆ ಎಣ್ಣೆ ತಿಕ್ಕಿ ಗುಣವಾಯಿತು ಎಂದು ನಿಮಗೆ ಯಾರಾದರೂ ಹೇಳಿದ್ದರೆ, ಅವರ ಮರಿಗೆ ಇದ್ದದ್ದು ಬಹುಶಃ ಅದೇ.

ಕ್ಯಾಲ್ಸಿಯಂ ಸಿರಪ್ಪನ್ನು ಮಾತ್ರ ಇಂದೇ ನಿಲ್ಲಿಸಿ. ಬ್ರೂನೋ ಕಾಲಿಗೆ ಕ್ಯಾಲ್ಸಿಯಂ ಕೊರತೆಯಾಗಿಲ್ಲ, ಒಂದು ಪದರ ಸತ್ತಿದೆ. ಆರು ತಿಂಗಳೊಳಗಿನ ಮರಿಯ ಕರುಳಿಗೆ ಹೆಚ್ಚಾದ ಕ್ಯಾಲ್ಸಿಯಂ ಬೇಡವೆನ್ನುವ ಶಕ್ತಿ ಸರಿಯಾಗಿ ಬಂದಿರುವುದಿಲ್ಲ. ಕೊಟ್ಟಷ್ಟರಲ್ಲಿ ಬಹುಭಾಗ ಮೈಗೆ ಸೇರುತ್ತದೆ. ದೊಡ್ಡ ತಳಿಗಳಲ್ಲಿ ಆ ಅತಿಯೇ ಉಳಿದ ಗ್ರೋತ್ ಪ್ಲೇಟ್‌ಗಳ ಕೆಲಸವನ್ನು ಕೆಡಿಸುತ್ತದೆ. ದೊಡ್ಡ ತಳಿಯ ಮರಿಗಳಿಗೆಂದೇ ತಯಾರಾದ ಆಹಾರ ಕೊಡುತ್ತಿದ್ದರೆ ಅದರ ಮೇಲೆ ಏನೂ ಬೇಡ. ಬರೀ ಮಾಂಸವನ್ನೋ ಬರೀ ಅನ್ನವನ್ನೋ ಹಾಕುತ್ತಿದ್ದರೆ ಕೊರತೆಯ ಮಾತು ಬೇರೆ, ಆಗ ಬದಲಾಯಿಸಬೇಕಾದದ್ದು ಇಡೀ ಊಟವನ್ನು. ಬಾಲ್ಕನಿಯ ಬಿಸಿಲಿಗೆ ನಿಲ್ಲಿಸಿದರೆ ವಿಟಮಿನ್ ಡಿ ಸಿಗುತ್ತದೆಂಬುದು ನಮಗೆ ನಿಜ, ನಾಯಿಗಲ್ಲ. ಅದರ ಚರ್ಮ ಬಿಸಿಲಿನಿಂದ ಸಾಕಾಗುವಷ್ಟು ವಿಟಮಿನ್ ಡಿ ತಯಾರಿಸಲಾರದು, ಆಹಾರದಿಂದಲೇ ಬರಬೇಕು.

ಶಸ್ತ್ರಚಿಕಿತ್ಸೆಗೆ ಮೊದಲು ರಕ್ತಪರೀಕ್ಷೆ ಮಾಡಿಸಿ, ಎರಡೂ ಮುಂಗಾಲುಗಳ ಎಕ್ಸ್-ರೇಯನ್ನು, ಪ್ರತಿ ಕಾಲೂ ಮೊಣಕೈಯಿಂದ ಮಣಿಕಟ್ಟಿನವರೆಗೆ ಒಂದೇ ಚಿತ್ರದಲ್ಲಿ ಬರುವಂತೆ, ಎದುರಿನಿಂದಲೂ ಪಕ್ಕದಿಂದಲೂ ತೆಗೆಸಿ. ಅಲುಗಾಡುವ ಮರಿಯಲ್ಲಿ ಸರಿಯಾದ ಚಿತ್ರ ಬರುವುದಿಲ್ಲ, ಮಂಪರು ಮದ್ದು ಕೊಟ್ಟೇ ತೆಗೆಯಬೇಕು. ಇನ್ನೊಂದು ಅಭಿಪ್ರಾಯ ಬೇಕೆನಿಸಿದರೆ, ಪುಣೆ–ಸಾತಾರಾ ಹೆದ್ದಾರಿಯ ಶಿರವಳದಲ್ಲಿ ಪಶುವೈದ್ಯಕೀಯ ಕಾಲೇಜಿದೆ. ಮುಂಬಯಿಯ ಪರೇಲ್‌ನಲ್ಲಿ 1886ರಲ್ಲಿ ಆರಂಭವಾದ ಬಾಂಬೆ ವೆಟರ್ನರಿ ಕಾಲೇಜಿದೆ. ಅಭಿಪ್ರಾಯ ಸಂಗ್ರಹಕ್ಕೆ ಒಂದು ವಾರ ತೆಗೆದುಕೊಳ್ಳಿ, ಒಂದು ತಿಂಗಳು ಬೇಡ.

ಮನೆಗೆ ಕರೆತಂದ ಮೇಲೆ ನಿಮ್ಮ ಫ್ಲ್ಯಾಟಿನ ನುಣುಪು ಟೈಲ್ಸ್ ನಿಮ್ಮ ಮೊದಲ ಶತ್ರು. ಮರಿ ಓಡಾಡುವ ದಾರಿಯುದ್ದಕ್ಕೂ ರಬ್ಬರ್ ಚಾಪೆ ಹಾಸಿ. ಹಳೆಯ ಯೋಗ ಚಾಪೆಗಳನ್ನು ಕತ್ತರಿಸಿ ಹಾಸಿದರೂ ಆದೀತು. ಕಟ್ಟನ್ನು ಕೆಲವೇ ದಿನಗಳಲ್ಲಿ ತೆಗೆಯುತ್ತಾರೆ. ಹೊಲಿಗೆ ಬಿಚ್ಚುವವರೆಗೆ ಮೆಟ್ಟಿಲು, ಸೋಫಾ, ಇತರ ನಾಯಿಗಳೊಂದಿಗೆ ಆಟ ಬೇಡ; ಆದರೆ ಹಗ್ಗ ಹಿಡಿದು ನಿಧಾನವಾಗಿ ನಡೆಸುವುದು ಬೇಕೇ ಬೇಕು, ನಡೆದರೆ ತಾನೇ ಮೊಣಕೈ ಹೊಂದಿಕೊಳ್ಳುವುದು. ನೋವಿಗೆ ನಿಮ್ಮ ವೈದ್ಯರು ಬರೆದ ಮದ್ದನ್ನಷ್ಟೇ ಕೊಡಿ. ಮನೆಯ ಡಬ್ಬಿಯಲ್ಲಿರುವ ಐಬುಪ್ರೊಫೆನ್ ಮಾತ್ರೆ ನಾಯಿಗೆ ವಿಷ.

ಬೆಳವಣಿಗೆ ಮುಗಿಯುವವರೆಗೆ ಮೂರು ನಾಲ್ಕು ವಾರಗಳಿಗೊಮ್ಮೆ ಎಕ್ಸ್-ರೇ ತೆಗೆಸುತ್ತಿರಬೇಕು, ತೆರವು ತೆರವಾಗಿಯೇ ಉಳಿದಿದೆಯೇ ಎಂದು ನೋಡುವುದಕ್ಕೆ. ಸೇತುವೆ ಬೆಸೆಯತೊಡಗಿದ್ದು ಕಂಡರೆ, ಮರಿಗಿನ್ನೂ ಬೆಳವಣಿಗೆ ಬಾಕಿಯಿದ್ದರೆ, ಮತ್ತೊಮ್ಮೆ ಶಸ್ತ್ರಚಿಕಿತ್ಸೆ ಮಾಡಿಸಿ ಅದನ್ನು ತೆಗೆಸಬೇಕಾದೀತು. ಆ ಸಾಧ್ಯತೆಯನ್ನು ಮೊದಲೇ ಮನಸ್ಸಿನಲ್ಲಿಟ್ಟುಕೊಂಡಿರಿ. ಪ್ರತಿ ಸಲವೂ ಸ್ಕೂಟರಿನಿಂದ ಬಿದ್ದ ದಿನದ ಆ ಮೊದಲ ಎಕ್ಸ್-ರೇಯನ್ನೂ ಜೊತೆಗೆ ಒಯ್ಯಿರಿ. ಅದರಲ್ಲಿ ಏನೂ ಇಲ್ಲವೆಂದು ಎಸೆಯಬೇಡಿ: ಬಾಗುವ ಮೊದಲು ಆ ಕಾಲು ಹೇಗಿತ್ತು ಎಂಬುದಕ್ಕೆ ನಿಮ್ಮ ಸರ್ಜನ್ನರಿಗೆ ಸಿಗುವ ಅಳತೆ ಅದೊಂದೇ.